ಬಕೆಟ್ ಬೋರಲಾಯಿತು, ಲೋಳೆ ಬೀಳಲಿಲ್ಲ

ನಿವೃತ್ತನಾದ ಎರಡನೆಯ ವರ್ಷ, ಮಾರ್ಚ್ ತಿಂಗಳಲ್ಲಿ, ನನ್ನನ್ನು ಮತ್ತೆ ಕರ್ತವ್ಯಕ್ಕೆ ನಿಯೋಜಿಸಲಾಯಿತು. ಕಾರ್ಯಕ್ಷೇತ್ರ ರಾಯಚೂರಿನ ನಮ್ಮ ಮನೆಯ ಹಿತ್ತಿಲು. ಮೇಲಧಿಕಾರಿ ನಾಲ್ಕನೇ ತರಗತಿಯ ವೈದೇಹಿ, ನನ್ನ ಮೊಮ್ಮಗಳು. ದೇವದುರ್ಗದಲ್ಲಿ ಕಿರಿಯ ಎಂಜಿನಿಯರ್ ಆಗಿ ಸೇರಿ, ಮಾನ್ವಿ ಕಡೆ ಕಾಲುವೆಯ ಗೇಟುಗಳನ್ನು ಏರಿಸಿ ಇಳಿಸಿ ಸೇವೆ ಮುಗಿಸಿದವನು ನಾನು. ಇನ್ನೊಂದು ಗೇಟು ಎಂದರೆ ಮೊಣಕಾಲು ತಾನೇ ನೋಯಲು ಶುರುಮಾಡುತ್ತದೆ. ಆದರೂ ಆದೇಶವನ್ನು ಒಪ್ಪಿಕೊಂಡೆ.

ವೈದೇಹಿಗೆ ಮಾತು ತೊದಲುತ್ತದೆ. ಮನೆಯಲ್ಲಿ ತೊದಲುತ್ತಲೇ ದಿನವಿಡೀ ಮಾತಾಡುವ ಹುಡುಗಿ ಶಾಲೆಯಲ್ಲಿ ಹಾಜರಿ ಕೂಗಿದರೂ ಬರೀ ಕೈ ಎತ್ತುತ್ತಿದ್ದಳು. ಬೆಳಗಿನ ಪ್ರಾರ್ಥನೆಯಲ್ಲಿ ದಿನಕ್ಕೊಬ್ಬರು ಪತ್ರಿಕೆಯ ಸುದ್ದಿ ಓದುವುದು ಅಲ್ಲಿನ ಪದ್ಧತಿ. ಇವಳ ಸರದಿ ಬಂದ ದಿನ ತಪ್ಪದೆ ಹೊಟ್ಟೆನೋವು ಬರುತ್ತಿತ್ತು. ಕೊನೆಗೊಂದು ದಿನ ಅವಳಪ್ಪ, ಅಂದರೆ ನನ್ನ ಮಗ ಮುರಳಿ, "ಒಂದ್ಸಲ ಓದಿ ಬಾ, ನೀ ಹೇಳಿದ್ದು ಮಾಡ್ತೀನಿ" ಅಂದುಬಿಟ್ಟ. ಅವಳು ಮೊಬೈಲಿನಲ್ಲಿ ನೋಡಿದ್ದೊಂದನ್ನು ಕೇಳಿದಳು: ಮೇಲಿಂದ ಬಕೆಟ್ ಬೋರಲಾಗಿ ಹಸಿರು ಲೋಳೆಯೆಲ್ಲ ಒಬ್ಬರ ತಲೆಯ ಮೇಲೆ ಬೀಳಬೇಕು. ಆ ತಲೆ ಅಪ್ಪನದಾಗಬೇಕು. ಹೇಗೂ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಮುರಳಿ ಹೂಂ ಅಂದ.

ಅವಳು ಓದಿದಳು. ಎರಡನೇ ಸುದ್ದಿಯಲ್ಲಿ ಮಾತು ಸಿಕ್ಕಿಕೊಂಡು ಇಡೀ ಶಾಲೆ ಕಾಯಿತಂತೆ. ಮತ್ತೆ ಮೊದಲಿಂದ ಹಿಡಿದು ಮುಗಿಸಿದಳಂತೆ. ಮನೆಗೆ ಬಂದವಳು ಅಪ್ಪನನ್ನು ಕೇಳಿದ್ದು ಒಂದೇ ಮಾತು, "ಯಾವಾಗ?"

ಮುರಳಿ ಮಾನ್ವಿಯ ಕಚೇರಿಯೊಂದರಲ್ಲಿ ಅಧಿಕಾರಿ. ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಮುಂದಿನ ಭಾನುವಾರ, ಅದರ ಮುಂದಿನ ಭಾನುವಾರ ಎಂದು ದೂಡುತ್ತ ಬಂದ. ಕೊನೆಗೆ, "ಅದಕ್ಕ ಮಷೀನ್ ಬೇಕು ಪುಟ್ಟಾ, ಅದು ತಾಂತ್ರಿಕ ಕೆಲಸ" ಅಂದ.

ಆ ಶಬ್ದದ ಪರಿಚಯ ನನಗೆ ಚೆನ್ನಾಗಿದೆ. ಕಾಲುವೆಯ ಕೊನೆಯಲ್ಲಿದ್ದವರಿಗೆ ನೀರು ಮುಟ್ಟದಿದ್ದಾಗ ನಾವು ಹೇಳುತ್ತಿದ್ದುದು ಇದೇ, ತಾಂತ್ರಿಕ ಕಾರಣ. ಒಮ್ಮೆ ಹಿರೇಕೊಟ್ನೆಕಲ್ ಕಡೆಯ ರೈತನೊಬ್ಬ ನನ್ನ ಮೇಜಿನ ಮುಂದೆ ನಿಂತು ಬಹಳ ಶಾಂತವಾಗಿ ಹೇಳಿದ್ದ, "ಗೇಟ್ ಎತ್ತೀರಿ ಖರೆ, ಸಾಹೇಬ್ರ. ನಮ್ಮ ಹೊಲದ ಮಡಿಗಿ ಇನ್ನೂ ಗೊತ್ತಾಗಿಲ್ರಿ."

ಮುರಳಿ ಹಾಗಂದ ದಿನ ಸಂಜೆ ವೈದೇಹಿ ನನ್ನ ಪಕ್ಕ ಬಂದು ಕೂತಳು. "ಅಜ್ಜಾ, ಮುಂದಿನ ವಾರ ಮತ್ತ ನನ್ನ ಸ-ಸರದಿ ಅದ. ನಾ ಓದಂಗಿಲ್ಲ." ಅಳಲಿಲ್ಲ, ಸಿಟ್ಟಾಗಲಿಲ್ಲ. ವರದಿ ಒಪ್ಪಿಸಿದಂತೆ ಹೇಳಿದಳು. ನಾನು ಎದ್ದು ಕನ್ನಡಕ ಹುಡುಕಿದೆ.

ಯಂತ್ರ ಸರಳ. ಬಚ್ಚಲಿನ ಪ್ಲಾಸ್ಟಿಕ್ ಬಕೆಟ್ಟಿಗೆ ನಡುವಿಗಿಂತ ತುಸು ಕೆಳಗೆ ಎದುರುಬದುರು ಎರಡು ತೂತು ಕೊರೆದು, ಕಬ್ಬಿಣದ ಸಳಿ ತೂರಿಸಿ, ಸೋರದಂತೆ ರಬ್ಬರ್ ವಾಷರ್ ಹಾಕಿದೆ. ಖಾಲಿ ಬಕೆಟ್ಟಿನ ಭಾರ ತಳದ ಕಡೆಗಿರುತ್ತದೆ, ಹಾಗಾಗಿ ನೆಟ್ಟಗೆ ನಿಲ್ಲುತ್ತದೆ. ತುಂಬಿದರೆ ಭಾರಕೇಂದ್ರ, ಎಂದರೆ ಇಡೀ ತೂಕ ಒಟ್ಟಾಗುವ ಬಿಂದು, ಸಳಿಗಿಂತ ಮೇಲೇರುತ್ತದೆ. ಆಗ ಬಕೆಟ್ ತಾನಾಗಿಯೇ ಮಗುಚಲು ನೋಡುತ್ತದೆ. ಅದನ್ನು ತಡೆಯಲು ಒಂದು ಚಿಲಕ, ಚಿಲಕಕ್ಕೊಂದು ಹಗ್ಗ. ಎರಡು ಏಣಿಗಳ ನಡುವೆ ಇಷ್ಟನ್ನೂ ಬಿಗಿದು ಕಟ್ಟಿದೆ. ನೀರು ತುಂಬಿ ಪರೀಕ್ಷಿಸಿದಾಗ ಯಾವ ದೋಷವೂ ಕಾಣಲಿಲ್ಲ.

ಇನ್ನು ಲೋಳೆಯ ಪ್ರಶ್ನೆ. ಮೊಬೈಲಿನವರು ಅಂಟು ಹಾಕಿ ಮಾಡುತ್ತಾರೆ. ಕೂದಲಿಗೆ ಹತ್ತಿದರೆ ಬೋಳಿಸಬೇಕಾದೀತೆಂದು ಸೊಸೆ ಅದನ್ನು ತಳ್ಳಿಹಾಕಿದಳು. ಅಕ್ಕಿ ಗಂಜಿ ಆದೀತಲ್ಲ ಎಂದೆ. ನನ್ನ ಹೆಂಡತಿ ಸುಶೀಲಾಬಾಯಿ ದೇವರಮನೆಯಿಂದಲೇ ತೀರ್ಪು ಕೊಟ್ಟರು.

"ಬೇಯಿಸಿದ ಅಕ್ಕಿ ಅಂದ್ರ ಮುಸುರಿ. ಹಿತ್ತಲದಾಗ ನನ್ನ ತುಳಸಿ ಅದ. ಅಲ್ಲಿ ಮುಸುರಿ ಚೆಲ್ಲಿದ್ರ ನಿಮ್ಮ ಎಂಜಿನಿಯರಿಂಗು ಹಿತ್ತಲಾ ತೊಳೀತದೇನು?"

"ಹಂಗಾರ ಏನ್ ಮಾಡೋಣ?"

"ಮೆಂತ್ಯ ನೆನಸಿ ರುಬ್ಬ್ರಿ. ಬೇಯಿಸೋದಿಲ್ಲ, ಮುಸುರಿ ಅಲ್ಲ. ಲೋಳಿ ಆಗ್ತದ. ಅವನ ತಲಿಗೂ ಸ್ವಲ್ಪ ತಂಪು ಬೇಕಾಗೇದ."

ಭಾನುವಾರ ಬೆಳಿಗ್ಗೆ ಸೊಸೆ ಮಿಕ್ಸಿ ಬಿಸಿಯಾಗುವವರೆಗೂ ಮೆಂತ್ಯ ರುಬ್ಬಿದಳು. ಹಸಿರು ಬಣ್ಣ ಬೆರೆತು, ಬಕೆಟ್ ತುಂಬಿತು. ಮುಹೂರ್ತಕ್ಕೆ ಸಾಕಷ್ಟು ಮೊದಲೇ ತುಂಬಿಡಿ ಎಂದು ನಾನೇ ಸೂಚಿಸಿದ್ದೆ. ಸಂಗ್ರಹ ಮೊದಲು, ಬಿಡುಗಡೆ ಆಮೇಲೆ. ಅದು ನಮ್ಮಲ್ಲಿ ನಡೆದು ಬಂದ ಕ್ರಮ.

ಹತ್ತು ಗಂಟೆಗೇ ಬಿಸಿಲು ಕಣ್ಣು ಚುಚ್ಚುತ್ತಿತ್ತು. ಮುರಳಿ ಹಳೇ ಬನಿಯನ್ ತೊಟ್ಟು, ವಿಚಾರಣೆಗೆ ಬಂದವನ ಮುಖ ಮಾಡಿಕೊಂಡು, ಏಣಿಗಳ ನಡುವೆ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದ. ವೈದೇಹಿ ಹಗ್ಗ ಎಳೆದಳು. ಚಿಲಕ ಸರಿಯಿತು. ಬಕೆಟ್ ಗಂಭೀರವಾಗಿ ಬೋರಲಾಯಿತು.

ಏನೂ ಬೀಳಲಿಲ್ಲ.

ಮೆಂತ್ಯ ಕೂತಷ್ಟೂ ನೀರು ಹೀರಿ ಗಟ್ಟಿಯಾಗುತ್ತದೆ ಎಂಬುದು ಅಡುಗೆಮನೆಗೆ ಗೊತ್ತಿದ್ದ ವಿಷಯ. ನನ್ನ ಪರೀಕ್ಷೆ ನಡೆದದ್ದು ನೀರಿನಲ್ಲಿ. ಲೋಳೆ ಬಕೆಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿತ್ತು. ಒಂದು ಹನಿ ಮಾತ್ರ ಉದ್ದಕ್ಕೆ ಇಳಿದು, ನಿಂತು, ಯೋಚಿಸುತ್ತಿತ್ತು.

ಮುರಳಿ ಒಂದು ಕಣ್ಣು ತೆರೆದು ಮೇಲೆ ನೋಡಿದ. ಅವನ ಮುಖದಲ್ಲಿ ಬಿಡುಗಡೆಯ ಬೆಳಕು ಮೂಡಿತು.

"ನೋಡು ಪುಟ್ಟಾ, ನಾ ಕೂತೆ, ನೀ ಎಳದಿ. ನನ್ನ ಮಾತು ಮುಗೀತು. ಇದು ತಾಂತ್ರಿಕ..." ಎನ್ನುತ್ತ ಎದ್ದ.

ವೈದೇಹಿ ಅವನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು. ಮೇಜಿನ ಮುಂದೆ ನಿಂತವರ ಆ ನೋಟವನ್ನು ನಾನು ಸೇವೆಯುದ್ದಕ್ಕೂ ಕಂಡವನು; ಪಿಂಚಣಿಗೆ ಬಂದ ಮೇಲೂ ಕಾಣಬೇಕಾದೀತೆಂದು ಅಂದುಕೊಂಡಿರಲಿಲ್ಲ.

"ಕೂಡೋ ಮುರಳಿ," ಎಂದೆ.

"ಅಪ್ಪಾ, ನಾಳೆ ಮೀಟಿಂಗ್ ಅದ."

"ಇರಲಿ. ಇನ್ನೂ ಮುಟ್ಟಿಲ್ಲ. ಮುಟ್ಟೋತನಕಾ ಗೇಟ್ ಎತ್ತಿದ್ದು ಲೆಕ್ಕಕ್ಕಿಲ್ಲ. ಕೂಡು."

ಅವನು ಕೂತ. ನಾನು ಏಣಿಯ ಎರಡು ಮೆಟ್ಟಿಲು ಹತ್ತಿದೆ. ಮೊಣಕಾಲು ಲಿಖಿತ ಪ್ರತಿಭಟನೆ ಸಲ್ಲಿಸಿತು. "ಬೀಳ್ತೀರಿ, ಇಳೀರಿ" ಎಂದು ಸುಶೀಲಾಬಾಯಿ ಹಿಂದಿನಿಂದ ಏಣಿ ಹಿಡಿದುಕೊಂಡರು. ಬಕೆಟ್ಟಿನ ತಳಕ್ಕೆ ಅಂಗೈಯಿಂದ ಒಂದು ಏಟು ಹಾಕಿದೆ. ಎರಡನೇ ಏಟಿಗೆ ಒಳಗೆ ಏನೋ ನಿಟ್ಟುಸಿರು ಬಿಟ್ಟಂತಾಯಿತು. ಮೂರನೆಯದಕ್ಕೆ ಇಡೀ ಲೋಳೆ ಒಂದೇ ಮುದ್ದೆಯಾಗಿ ಕೆಳಗಿಳಿಯಿತು. ಅರ್ಧಕ್ಕಿಂತ ಹೆಚ್ಚು ಮುರಳಿಯ ತಲೆಗೆ, ಉಳಿದದ್ದು ನನ್ನ ಧೋತರಕ್ಕೆ.

ವೈದೇಹಿ ಮೊದಲು ನಗಲಿಲ್ಲ. ಅಪ್ಪನ ಹತ್ತಿರ ಬಂದು, ಅವನ ಮೂಗಿನ ಮೇಲಿದ್ದ ಲೋಳೆಯನ್ನು ಬೆರಳಿನಿಂದ ತೆಗೆದು, ಪರಿಶೀಲಿಸಿ, "ಈಗ ಬ-ಬ-ಬಿತ್ತು" ಎಂದು ಪ್ರಮಾಣೀಕರಿಸಿದಳು. ಆಮೇಲೆ ನಕ್ಕಳು. ಮುರಳಿಗೂ ಬೇರೆ ದಾರಿ ಇರಲಿಲ್ಲ, ನಕ್ಕ.

ಮರುದಿನ ಮೀಟಿಂಗಿನಲ್ಲಿ ಮೆಂತ್ಯದ ವಾಸನೆ ಹಿಡಿದು, ಯಾರದೋ ಉಪ್ಪಿನಕಾಯಿ ಡಬ್ಬಿ ಸೋರಿದೆಯೆಂದು ಎಲ್ಲರೂ ತಮ್ಮ ಚೀಲ ನೋಡಿಕೊಂಡರಂತೆ. ಮುರಳಿಯೂ ತನ್ನ ಚೀಲ ನೋಡಿಕೊಂಡನಂತೆ. ಆ ವಾರ ಸರದಿ ಬಂದಾಗ ವೈದೇಹಿಗೆ ಹೊಟ್ಟೆ ನೋಯಲಿಲ್ಲ.

ಗೇಟು ಎತ್ತುವುದನ್ನು ಇಲಾಖೆ ನನಗೆ ಕಲಿಸಿತ್ತು. ನೀರು ಮುಟ್ಟಿತೋ ಇಲ್ಲವೋ ಎಂಬುದನ್ನು ಗೇಟಿನ ಬಳಿ ನಿಂತವನು ಹೇಳುವಂತಿಲ್ಲ, ಕೊನೆಯಲ್ಲಿ ನಿಂತವರೇ ಹೇಳಬೇಕು. ಇಷ್ಟು ತಿಳಿಯಲು ನನಗೆ ನಿವೃತ್ತಿಯಾಗಬೇಕಾಯಿತು, ಮತ್ತು ಒಂದು ಒಳ್ಳೆಯ ಬಕೆಟ್ ಹಾಳಾಗಬೇಕಾಯಿತು. ಅದು ಈಗ ಬಚ್ಚಲಿಗೆ ಮರಳಿದೆ. ಎರಡು ತೂತುಗಳಿಂದಾಗಿ ಅದರಲ್ಲಿ ಅರ್ಧದ ಮೇಲೆ ನೀರು ನಿಲ್ಲುವುದಿಲ್ಲ. ಮುರಳಿ ಅದರಲ್ಲೇ ಸ್ನಾನ ಮಾಡುತ್ತಾನೆ; ಇಂದಿನವರೆಗೆ ದೂರು ಬಂದಿಲ್ಲ.