ನಳಿಗೆಯ ತುದಿಯ ಬಳೆ

ಗ್ರಾಂ ಮಾಮ ತೀರಿಕೊಂಡ. ಗುರುವಾರ ಮಧ್ಯಾಹ್ನ, ಶೂಟಿಂಗ್ ಕ್ಲಬ್ಬಿನ ಗೇಟಿನ ಬಳಿ ಹೃದಯ ನಿಂತುಹೋಯಿತು. ಅರವತ್ಮೂರು ವರ್ಷ.

ಕ್ಲಬ್ಬಿನ ರೈಫಲ್‌ಗಳ ರಿಪೇರಿ ಅವನ ಕೆಲಸ. ಸಣ್ಣ ಗುಂಡಿನ, ಸ್ಪರ್ಧೆಗೆ ಬಳಸುವ ರೈಫಲ್‌ಗಳು. ನಳಿಗೆಯ ತುದಿಗೆ ಹಾಕುವ ತೂಕದ ಬಳೆಗಳನ್ನು ತಾನೇ ಲೇತಿಗೆ ಕೊಟ್ಟು ಕಡೆಯುತ್ತಿದ್ದ. ಮಾತೆತ್ತಿದರೆ ಗ್ರಾಂ ಲೆಕ್ಕ. ಅದಕ್ಕೇ ಆ ಅಡ್ಡಹೆಸರು.

"ಮಾಮ, ಇನ್ನೊಂದು ಬಳೆ ಹಾಕಿ, ಮೂತಿ ಅಲ್ಲಾಡ್ತಿದೆ," ಎಂದು ಕ್ಲಬ್ಬಿನ ಹುಡುಗಿಯೊಬ್ಬಳು ಕೇಳುವಳು.

"ಹಾಕ್ತೀನಮ್ಮ. ಮೂತಿ ಸುಮ್ನಾಗತ್ತೆ. ನಲವತ್ತನೇ ಗುಂಡಿಗೆ ನಿನ್ನ ಎಡಗೈ ಅಯ್ಯೋ ಅನ್ನತ್ತೆ. ಆಗ ನನ್ನ ಹತ್ರ ಬರಬೇಡ, ನಾನು ಕಬ್ಬಿಣದ ಡಾಕ್ಟ್ರು."

ಗುಂಡು ಹೊರಡುವಾಗ ನಳಿಗೆ ಸಣ್ಣಗೆ ನಡುಗುತ್ತದೆ. ಬಳೆ ಕೂದಲೆಳೆಯಷ್ಟು ಸರಿದರೂ ಆ ನಡುಕ ಬದಲಾಗಿ ಗುಂಡು ಬೇರೆಡೆ ಬೀಳುತ್ತದೆ. ಅದಕ್ಕೇ ಬಳೆಯನ್ನು ಕೈಯಲ್ಲಿ ತಿರುಗಿಸಿ ಬಿಡಬಾರದು, ಅದರ ತಿರುಪಿಗೆ ಕೀಲಿ ಹಾಕಿ ಬಿಗಿಯಬೇಕು. ಕ್ಲಬ್ಬಿಗೆ ಬಂದವರಿಗೆಲ್ಲ ಈ ಪಾಠ ಹೇಳಿದವನು ಒಂದು ಸಲ ತಾನೇ ಮರೆತ.

ಹನ್ನೊಂದು ವರ್ಷದ ಹಿಂದೆ, ರಾಜ್ಯ ತಂಡದ ಆಯ್ಕೆಯ ಸ್ಪರ್ಧೆಯ ಬೆಳಿಗ್ಗೆ. ಮಗಳ ರೈಫಲ್ಲಿನ ಬಳೆ ಬಿಚ್ಚಿ ಮಸಿ ಒರೆಸುತ್ತಿದ್ದ. ಅವಳು ಏನೋ ತಮಾಷೆ ಮಾಡಿದಳು, ಅಪ್ಪ ನಕ್ಕ, ನಗುತ್ತಲೇ ಬಳೆಯನ್ನು ಬರಿಗೈಯಲ್ಲಿ ತಿರುಗಿಸಿ ಕೊಟ್ಟುಬಿಟ್ಟ. ಮೊದಲ ಗುಂಡುಗಳು ನಡುವಿಗೇ ಬಿದ್ದವು. ಆಮೇಲೆ ಒಂದೊಂದೇ ಮೇಲಕ್ಕೆ, ಬಲಕ್ಕೆ ಚದುರಿದವು. ಅವಳು ಇಪ್ಪತ್ತಾರನೆಯವಳಾದಳು, ಆಯ್ಕೆಯಾಗಲಿಲ್ಲ.

"ನನ್ನ ಕೈ ನಡುಗ್ತಪ್ಪಾ," ಎಂದು ಗೋಡೆಗೆ ಮುಖ ಮಾಡಿ ಅತ್ತಳು.

ಸಂಜೆ ರೈಫಲ್ ಒರೆಸುವಾಗ ಬಳೆ ಬೆರಳಿಗೇ ತಿರುಗಿತು. ಬಿಗಿ ಮಾಡಿ ಪೆಟ್ಟಿಗೆಯಲ್ಲಿಟ್ಟ. ನಾಳೆ ಹೇಳೋಣ ಅಂದುಕೊಂಡ. ನಾಳೆ ಹೇಳಲಾಗಲಿಲ್ಲ. ಅವಳು ಮತ್ತೆ ರೈಫಲ್ ಮುಟ್ಟಲಿಲ್ಲ. ಹೇಳಿ ಇನ್ನೇನು ಪ್ರಯೋಜನ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಕಳೆದ ಸೋಮವಾರ ಮಗಳ ಫೋನ್ ಬಂತು. ಬೇರೆ ಊರಿನ ಕಣ್ಣಾಸ್ಪತ್ರೆಯಲ್ಲಿ ಅವಳು ನರ್ಸು. ಆಪರೇಷನ್ ಕೋಣೆಯ ಕೆಲಸಕ್ಕೆ ಬಾ ಎಂದು ದೊಡ್ಡ ಡಾಕ್ಟರು ಕರೆದಿದ್ದರಂತೆ.

"ಆಗಲ್ಲ ಅಂತ ಬರೆದು ಕೊಡ್ತೀನಪ್ಪ. ತಿಂಗಳ ಕೊನೆವರೆಗೂ ಟೈಮಿದೆ. ನನ್ನ ಕೈ ಹೇಗೆ ಅಂತ ನಿಮಗೆ ಗೊತ್ತಲ್ಲ."

ಊಟ ಆಯ್ತಾ ಎಂದು ಕೇಳಿ ಅವನು ಫೋನ್ ಇಟ್ಟ.

ಗುರುವಾರ ಬೆಳಿಗ್ಗೆ ಕ್ಲಬ್ಬಿನಲ್ಲಿ ಮಗಳ ಆ ಹಳೆಯ ರೈಫಲ್ಲನ್ನು ತೆಗೆದು, ಕೈಯ ಅಲುಗಾಟ ತಾಗದಂತೆ ಅದರ ಮರದ ಹಿಡಿಕೆಯನ್ನು ಮೇಜಿಗೆ ಬಿಗಿದ. ಗುರಿಕಾಗದ ಅಂಟಿಸುವ ಗೆಳೆಯನಿಗೆ ಎಲ್ಲ ಹೇಳಿದ. ಗೆಳೆಯ ಬೈದ.

"ಹನ್ನೊಂದು ವರ್ಷ ಹೊಟ್ಟೆಲಿಟ್ಕೊಂಡಿದ್ಯೇನೋ! ಈಗ್ಲೇ ಫೋನ್ ಮಾಡಿ ಹೇಳು."

"ಬಾಯಲ್ಲಿ ಹೇಳಿದ್ರೆ, ಸಮಾಧಾನಕ್ಕೆ ಹೇಳ್ತಿದಾರೆ ಅಂತಾಳೆ ಕಣೋ. ಅವಳಿಗೆ ಗುರಿಕಾಗದ ಓದೋಕೆ ಬರತ್ತೆ. ಕಾಗದ ಅಂಟಿಸು."

ಬಳೆಯನ್ನು ಬರಿಗೈಯಲ್ಲಿ ತಿರುಗಿಸಿ ಇಪ್ಪತ್ತು ಗುಂಡು ಹೊಡೆದ. ಮೇಲಕ್ಕೆ, ಬಲಕ್ಕೆ, ಅವತ್ತಿನ ಹಾಗೆಯೇ. ಕೀಲಿ ಹಾಕಿ ಬಿಗಿದು ಬೇರೆ ಕಾಗದಕ್ಕೆ ಇನ್ನಿಪ್ಪತ್ತು ಹೊಡೆದ. ಎಲ್ಲವೂ ಸೇರಿ ಒಂದೇ ತೂತು.

ಆಮೇಲೆ ಕನ್ನಡಕ ಏರಿಸಿ ಮೊದಲ ಕಾಗದದ ಕೆಳಗೆ ಬರೆದ: "ಬಳೆ ಸಡಿಲ ಬಿಟ್ಟವನು ನಾನು. ಅವತ್ತು ಸಂಜೆಯೇ ಗೊತ್ತಾದರೂ ನಿನಗೆ ಹೇಳಲಿಲ್ಲ. ನಿನ್ನ ಕೈ ಅವತ್ತೂ ಚೆನ್ನಾಗಿತ್ತು, ಮಗಳೇ."

ಎರಡನ್ನೂ ಮಡಿಸದೆ ದೊಡ್ಡ ಲಕೋಟೆಗೆ ಹಾಕಿದ. ನಾನು ಹೋಗ್ತೀನಿ ಕೊಡು ಎಂದರೂ ಗೆಳೆಯನ ಕೈಗೆ ಕೊಡಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ತಾನೇ ರಸ್ತೆ ದಾಟಿ, ಅದನ್ನು ಕ್ಲಬ್ಬಿನ ಗೇಟಿನೆದುರಿನ ಅಂಚೆಡಬ್ಬಿಗೆ ಹಾಕಿ, ಒಳಗೆ ಬಿತ್ತೋ ಇಲ್ಲವೋ ಎಂದು ಡಬ್ಬಿಯ ಬಾಯಿಗೆ ಕೈ ತೂರಿಸಿ ನೋಡಿದ.