ಮಾದಪ್ಪನ ಎರಡು ನೀರುನಾಯಿಗಳು

ಪಂಚಾಯತಿ ಸಭೆಯಲ್ಲಿ ಬೇಯಿಸಿದ ಮರಗೆಣಸಿನ ತಟ್ಟೆಯ ಪಕ್ಕ ಮಾದಪ್ಪ ತನ್ನ ಡಬ್ಬಿಯನ್ನು ಇಡಬಾರದಾಗಿತ್ತು. ಇಟ್ಟ. ಊರಿನ ಪ್ರಾಣಿಪಕ್ಷಿಗಳ ದಾಖಲೆ ಪುಸ್ತಕ ಬರೆಯಲು ಕೂಡಿದ್ದ ಸಮಿತಿ ಅದು. ಚಹಾದ ಹೊತ್ತು. ವಾರ್ಡ್ ಮೆಂಬರ್ ದಾಮೋದರನ್‌ಗೆ ಹಸಿವು. ಡಬ್ಬಿಯ ಮುಚ್ಚಳ ತೆಗೆದರೆ ಒಣಪುಡಿ, ಮೀನಿನ ವಾಸನೆ. ಮನೆಯಲ್ಲಿ ಕುಟ್ಟಿದ ಒಣಮೀನಿನ ಚಟ್ನಿಪುಡಿ ಎಂದುಕೊಂಡು ಒಂದು ತುಂಡು ಗೆಣಸನ್ನು ಅದರಲ್ಲಿ ಚೆನ್ನಾಗಿ ಹೊರಳಿಸಿ ಬಾಯಿಗಿಟ್ಟ.

"ಉಪ್ಪು ಸ್ವಲ್ಪ ಕಮ್ಮಿ, ಮಾದಪ್ಪಾ."

"ಅದು ನೀರುನಾಯೀದು ಸಾರೇ."

"ನೀರುನಾಯಿ ಹಿಡಿದ ಮೀನಾ?"

"ಹಿಡಿದು, ತಿಂದು, ಆಮೇಲೆ ಬಂಡೆ ಮೇಲೆ ಬಿಟ್ಟಿದ್ದು. ಪುರಾವೆಗೆ ಅಂತ ತಂದೆ."

ಪುರಾವೆಯನ್ನು ಅರಗಿಸಿಕೊಳ್ಳುವುದು ಯಾವ ಸಮಿತಿಗೂ ಕಷ್ಟ. ದಾಮೋದರನ್ ಹಿತ್ತಲಿನ ನಲ್ಲಿಯ ಬಳಿ ಅರ್ಧ ಗಂಟೆ ಬಾಯಿ ಮುಕ್ಕಳಿಸಿದ. ಉಳಿದದ್ದನ್ನು ಸಮಿತಿಯ ಪರವಾಗಿ ಪರೀಕ್ಷಿಸಲು ಸಜಿನ ತೆಗೆದುಕೊಂಡಳು. ಪನಮರಂನವಳು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಟೀಚರ್. ಮೈಸೂರಿನಲ್ಲಿ ಓದಿದ್ದರಿಂದ ಕನ್ನಡ ಬರುತ್ತಿತ್ತು. ಹಿಕ್ಕೆಯನ್ನು ನೀರಿನಲ್ಲಿ ನೆನೆಸಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಮೀನಿನ ಪರೆಯನ್ನೂ ಏಡಿಯ ಚಿಪ್ಪನ್ನೂ ಬೇರೆಬೇರೆ ಮಾಡಿದಳು. ಮಾರನೆಯ ವಾರ ಪೆರಿಕಲ್ಲೂರಿನ ದೋಣಿಕಡವಿಗೆ ಬಂದು ಕೆಸರಿನ ಹೆಜ್ಜೆಗಳನ್ನು ಅಳತೆಪಟ್ಟಿ ಇಟ್ಟು ಅಳೆದಳು. ಫೋಟೋಗಳನ್ನು ತಿಳಿದವರೊಬ್ಬರಿಗೆ ಕಳಿಸಿದಳು. ಅವರೂ ಹೌದೆಂದ ಮೇಲೆ ಅವಳ ಫೋನಿನ ನಕ್ಷೆಯಲ್ಲಿ, ಕಬಿನಿಯ ನೀಲಿ ಗೆರೆಯ ಮೇಲೆ, ಒಂದು ಹಸಿರು ಚುಕ್ಕೆ ಮೂಡಿತು. ಆ ನಕ್ಷೆಯನ್ನು ಯಾರು ಬೇಕಾದರೂ ತೆರೆದು ನೋಡಬಹುದಿತ್ತು.

"ಇದು ನಾನಾ?" ಎಂದು ಕೇಳಿದ ಮಾದಪ್ಪ.

"ಅಲ್ಲ, ನಿಮ್ಮ ನೀರುನಾಯಿ. ಕೆಳಗೆ ಸಣ್ಣಕ್ಷರದಲ್ಲಿ ಇರೋದು ನೀವು, ಮಾದಪ್ಪೇಟ್ಟಾ." ಅವಳ ಬಾಯಲ್ಲಿ ಅಣ್ಣ ಎನ್ನುವುದು ಮಲಯಾಳದ ಏಟ್ಟ ಆಗಿಬಿಡುತ್ತಿತ್ತು.

ಅರವತ್ತೊಂದು ವರ್ಷದಲ್ಲಿ ಅವನ ಹೆಸರು ರೇಷನ್ ಕಾರ್ಡು, ಮತದಾರರ ಪಟ್ಟಿ ಬಿಟ್ಟು ಬೇರೆಲ್ಲೂ ಅಚ್ಚಾಗಿರಲಿಲ್ಲ. ಅಜ್ಜನ ಕಾಲದಲ್ಲಿ ಆಚೆ ಕರ್ನಾಟಕದ ದಡದಿಂದ ಬಂದು ಈಚೆ ಕೇರಳದ ದಡದಲ್ಲಿ ಗದ್ದೆ ಮಾಡಿದ ಮನೆತನ. ಗದ್ದೆ ಅಣ್ಣಂದಿರ ಪಾಲಾಗಿ, ಇವನು ದೋಣಿಯ ಹುಟ್ಟು ಹಿಡಿದವನು. ಹುಟ್ಟಿನಿಂದಲೇ ಎಂದರೂ ಸರಿಯೇ. ದಡ ಎರಡು, ಸರ್ಕಾರ ಎರಡು, ದೋಣಿ ಒಂದು. ಬೆಳಿಗ್ಗೆ ಕೇರಳದ ಬಂಡೆಯ ಮೇಲೆ ಮೀನು ತಿಂದು ಸಂಜೆ ಕರ್ನಾಟಕದ ಮರಳಿನಲ್ಲಿ ಹೊರಳಾಡುವ ನೀರುನಾಯಿ ಜೋಡಿಯನ್ನು ಅವನಷ್ಟು ಹತ್ತಿರದಿಂದ ಬಲ್ಲವರಿರಲಿಲ್ಲ. ಗಂಡು ಸೋಮಾರಿ, ಹೆಣ್ಣಿನ ಎಡಗಿವಿ ಹರಿದಿತ್ತು.

ಸಜಿನ ಅವನಿಗೆ ತಾರೀಕು, ಜಾಗ, ಕಂಡದ್ದು ಎಷ್ಟು ಎಂಬ ಖಾನೆಗಳಿದ್ದ ಒಂದು ಕಟ್ಟು ಚೀಟಿ ಕೊಟ್ಟಳು. ಅವನು ಪ್ರತಿ ಭಾನುವಾರ ಕನ್ನಡದಲ್ಲಿ ತುಂಬಿಸಿ ಪನಮರಂ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವನು. ಅವಳು ಅದನ್ನು ಪಂಚಾಯತಿಯ ಪುಸ್ತಕಕ್ಕೆ ಮಲಯಾಳದಲ್ಲಿ ಇಳಿಸಿ, ನಕ್ಷೆಗೆ ಏರಿಸುವಳು. ಒಂದು ವರ್ಷದ ಚೀಟಿಗಳ ಬಲದ ಮೇಲೆ ಬಂಡೆಯ ಕೆಳಗಿನ ಮಡುವಿನಲ್ಲಿ ಯಾರೂ ಬಲೆ ಹಾಕಬಾರದೆಂದು ಪಂಚಾಯತಿ ಬೋರ್ಡು ನೆಟ್ಟಿತು. ಕಾವಲಿಗೆ ಮಾದಪ್ಪನೇ ಎಂದೂ ತೀರ್ಮಾನವಾಯಿತು. ಸಂಬಳವಿಲ್ಲದ ಕೆಲಸಕ್ಕೆ ಪೈಪೋಟಿ ಇರಲಿಲ್ಲ. ಬಲೆ ತಂದ ಇಬ್ಬರನ್ನು, ಅದರಲ್ಲೊಬ್ಬ ಸ್ವಂತ ಅಣ್ಣನ ಮಗ, ಅವನು ಬೈದು ಅಟ್ಟಿದ್ದ.

"ಮನುಷ್ಯರ ಹೊಟ್ಟೆಗಿಂತ ನಾಯಿ ಹೊಟ್ಟೆ ದೊಡ್ಡದಾಯ್ತಾ ಚಿಕ್ಕಪ್ಪಾ?" ಎಂದು ಆ ಹುಡುಗ ಕೇಳಿದ್ದ.

"ಸಣ್ಣದು ಕಣಲಾ. ಅದುಕ್ಕೇ ಅದು ಮಾರಾಕ್ ಹೋಗಾಕಿಲ್ಲ."

ಇಷ್ಟರಲ್ಲಿ ಹೆಂಡತಿ ಶಿವಮ್ಮನಿಗೆ ಕಾಯಿಲೆ ಬಂತು. ಮಾನಂತವಾಡಿಯ ಆಸ್ಪತ್ರೆಗೆ ಹೋಗಿ ಬಂದು, ಹೋಗಿ ಬಂದು, ಕೊನೆಗೆ ಹೋಗುವುದು ಬೇಡ ಎಂದಾಯಿತು. ಬಾಯಿಗೆ ರುಚಿ ಸತ್ತುಹೋಗಿತ್ತು. ಗಂಜಿಯನ್ನೂ ಗೋಡೆಯ ಕಡೆ ತಿರುಗಿ ಒಲ್ಲೆ ಎನ್ನುತ್ತಿದ್ದಳು. ಹೋದ ವರ್ಷ ಮಾರ್ಚ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಕೇಳದೆಯೇ ಬಾಯಿಬಿಟ್ಟಳು.

"ಒಂದ್ ತುಂಡು ಬಾಳೆಮೀನು ತಿನ್ಬೇಕು ಅನ್ನಿಸ್ತದೆ ಕಣಾ. ಹುಳಿ ಜಾಸ್ತಿ ಹಾಕಿ."

ಆರು ತಿಂಗಳಿಂದ ಅವಳು ಬೇಕು ಎಂದದ್ದು ಅದೊಂದೇ. ಮಾದಪ್ಪ ಪುಲ್ಪಳ್ಳಿಯ ಅಂಗಡಿಗೆ ಹೋದ. ಸಮುದ್ರದ ಮತ್ತಿ, ಅಯಲೆ ಇದ್ದವು, ಹೊಳೆಯ ಮೀನಿರಲಿಲ್ಲ. ದೋಣಿಯಿಂದ ಗಾಳ ಬಿಟ್ಟು ಸಂಜೆಯವರೆಗೆ ಕೂತ. ಬೇಸಗೆಯ ಹೊಳೆ ತೆಳ್ಳಗಾಗಿತ್ತು. ದೊಡ್ಡ ಮೀನಿದ್ದರೆ ಮಡುವಿನಲ್ಲಿ ಮಾತ್ರ. ಅಟ್ಟದಿಂದ ಅಪ್ಪನ ಕಾಲದ ಬಲೆ ಇಳಿಸಿದ. ಬೋರ್ಡಿನ ಪಕ್ಕದಲ್ಲೇ ನಡೆದು ಹೋದ.

ಬೆಳಗ್ಗೆ ಬಲೆ ಭಾರವಾಗಿ ಬಂತು. ಅವನಿಗೆ ಮೊದಲು ಖುಷಿಯೇ ಆಯಿತು. ಆಮೇಲೆ ಹರಿದ ಎಡಗಿವಿ ಕಂಡಿತು.

ಅವಳ ಹೊಟ್ಟೆಯಿಂದ ನೀರು ಇಳಿಸಲು ಬೋರಲು ಹಾಕಿ ಬೆನ್ನು ಒತ್ತಿದ. ಮುಳುಗಿದ ಮಕ್ಕಳನ್ನು ಹೀಗೆಯೇ ಎರಡು ಸಲ ಬದುಕಿಸಿದ್ದ. ಮೈ ತಣ್ಣಗಿತ್ತು. ಆಚೆ ಬಂಡೆಯ ಮೇಲೆ ಗಂಡು ನಿಂತು ಸಿಳ್ಳೆ ಹಾಕುತ್ತಿತ್ತು, ಉತ್ತರಕ್ಕೆ ಕಾದು ಮತ್ತೆ ಹಾಕುತ್ತಿತ್ತು. ಬಿದಿರ ಮೆಳೆಯ ಬುಡದಲ್ಲಿ ಮರಳು ತೋಡಿ ಅವಳನ್ನು ಹೂತು, ಬಲೆಯನ್ನೂ ಅದೇ ಗುಂಡಿಗೆ ಹಾಕಿ ಮುಚ್ಚಿದ. ಬರಿಗೈಯಲ್ಲಿ ಮನೆಗೆ ಬಂದ.

"ಸಿಕ್ಲಿಲ್ವಾ?" ಎಂದಳು ಶಿವಮ್ಮ.

"ಇಲ್ಲ ಕಣಮ್ಮಿ."

ಶಿವಮ್ಮ ನಕ್ಕಳು. ಆ ಮುಖದಲ್ಲಿ ನಗು ಬಂದು ಬಹಳ ದಿನವಾಗಿತ್ತು. "ನಿನ್ ನೀರುನಾಯೀನೇ ತಿಂದ್ಬುಟ್ಟಿರ್ತದೆ. ಹೋಗ್ಲಿ ಬುಡು. ಅದ್ಕೂ ಹಸಿವು."

ಹದಿಮೂರನೆಯ ದಿನ ಅವಳು ಹೋದಳು. ಗಂಡು ನೀರುನಾಯಿ ಮೂರು ಬೆಳಗು ಬಂಡೆಗೆ ಬಂದು ಸಿಳ್ಳೆ ಹಾಕಿ, ನಾಲ್ಕನೆಯ ಬೆಳಗು ಬರಲಿಲ್ಲ. ಹೊಳೆಯ ಯಾವ ತಿರುವಿನಲ್ಲೂ ಅದು ಮತ್ತೆ ಕಾಣಲಿಲ್ಲ.

ಬಲೆ ಹೂತ ವಾರದ ಭಾನುವಾರ ಚೀಟಿಯಲ್ಲಿ ಮಾದಪ್ಪ ಬರೆದ: ಎರಡು. ಮುಂದಿನ ಭಾನುವಾರವೂ ಎರಡು. ಗಂಡನಿಗೂ ಹೆಂಡತಿಗೂ ಸೇರಿಸಿ ಇಟ್ಟ ಎಡೆಯ ಹಾಗೆ, ವಾರಕ್ಕೊಮ್ಮೆ ಎರಡು. ಒಮ್ಮೆ ಬರೆದ ಮೇಲೆ ಒಂದಕ್ಕೆ ಇಳಿಯುವುದು ಕಷ್ಟ. ಒಂದು ಎಂದರೆ ಇನ್ನೊಂದು ಎಲ್ಲಿ ಎಂದು ಟೀಚರ್ ಕೇಳುತ್ತಾಳೆ. ಕೇಳಿದರೆ ಬಲೆ ಹಾಕಿದ್ದು ಕಾವಲುಗಾರನೇ ಎಂದು ಹೇಳಬೇಕು. ಅದು ಸತ್ತ ಹೆಂಡತಿಯ ಬಾಯಿರುಚಿಗಾಗಿ ಎಂದೂ ಹೇಳಬೇಕು. ಅವಳು ಆ ತುಂಡು ಮೀನನ್ನು ತಿನ್ನಲೂ ಇಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಸಜಿನ ಎರಡು ಕ್ಯಾಮೆರಾ ತಂದಳು. ಎದುರಿಗೆ ಏನಾದರೂ ಅಲುಗಿದರೆ ತಾನಾಗಿಯೇ ಫೋಟೋ ತೆಗೆಯುವಂಥವು. ಹೊಳೆಯುದ್ದದ ದಾಖಲೆಗಳನ್ನೆಲ್ಲ ಒಟ್ಟುಮಾಡಿ ಅಚ್ಚು ಹಾಕಿಸುವುದಿತ್ತು. ಅದಕ್ಕೆ ಮೊದಲು ಪ್ರತಿಯೊಂದನ್ನೂ ಇನ್ನೊಮ್ಮೆ ತಾಳೆ ನೋಡಬೇಕಿತ್ತು. ಬಂಡೆಯ ಎದುರಿನ ಹೊಂಗೆಮರಕ್ಕೆ ಅವುಗಳನ್ನು ಕಟ್ಟಲು ಏಣಿ ಹಿಡಿದವನು ಮಾದಪ್ಪನೇ. ಇಪ್ಪತ್ತು ದಿನ. ಒಂದೇ ಒಂದು ದಿನ, ಒಂದೇ ಒಂದು, ಎಲ್ಲಿಂದಲೋ ಈಜಿ ಬಂದುಬಿಟ್ಟರೆ ಸಾಕು ಎಂದು ಅವನು ದಿನಾ ಬೆಳಿಗ್ಗೆ ಹೊಳೆಗೆ ಕೈಮುಗಿದ.

ಜನವರಿಯ ಒಂದು ಮುಂಜಾನೆ ಕಡವಿನ ಚಹಾದಂಗಡಿಯ ಬೆಂಚಿನ ಮೇಲೆ ಸಜಿನ ಲ್ಯಾಪ್‌ಟಾಪ್ ತೆರೆದಳು. ಉಡ. ಬೆಳ್ಳಕ್ಕಿ. ಯಾರದ್ದೋ ತಪ್ಪಿಸಿಕೊಂಡ ಆಡು. ಮತ್ತೆ ಮಾದಪ್ಪ. ಆರು ಹತ್ತಕ್ಕೆ ಮಾದಪ್ಪ, ಆರು ಐವತ್ತಕ್ಕೆ ಮಾದಪ್ಪ. ಇಪ್ಪತ್ತು ದಿನವೂ ಬಂಡೆಯ ಪಕ್ಕ ಕೂತು ನೀರು ನೋಡುತ್ತಿರುವ ಬೆನ್ನು. ಒಂದರಲ್ಲಿ ಮಾತ್ರ ಮುಖ ಕಂಡಿತು. ಸಜಿನ ಅದನ್ನು ಬೇಗ ದಾಟಿಸಿದಳು.

"ಕ್ಯಾಮೆರಾಗೆ ಎಲ್ಲಕ್ಕಿಂತ ಜಾಸ್ತಿ ಸಿಕ್ಕಿರೋ ಪ್ರಾಣಿ ಇದೇ," ಎಂದು ನಗಲು ನೋಡಿದಳು. ಇಬ್ಬರಿಗೂ ನಗು ಬರಲಿಲ್ಲ.

"ನೀರುನಾಯಿ ಒಂದೂ ಇಲ್ಲ. ಈ ನೂರೈವತ್ತು ಚೀಟಿನೂ ತೆಗೆದುಹಾಕ್ಬೇಕಾಗ್ತದೆ, ಮಾದಪ್ಪೇಟ್ಟಾ. ಯಾವುದು ನಿಜ, ಯಾವುದು ಅಲ್ಲ, ನನಗೆ ಹೇಗೆ ಗೊತ್ತಾಗ್ಬೇಕು?"

"ಎಲ್ಲಾನೂವೆ?"

"ಎಲ್ಲಾನೂ. ಇಲ್ಲಾಂದ್ರೆ ನಿಜವಾಗಿ ಎರಡೂ ಕಂಡ ಕೊನೇ ತಾರೀಕು ಹೇಳಿ. ಅಲ್ಲೀವರೆಗಿನದು ಉಳಿಸ್ತೀನಿ."

ಮಾದಪ್ಪ ಹೊಳೆಯ ಕಡೆ ನೋಡಿದ. ಎಲ್ಲ ಅಳಿಸಿದರೆ ಆ ಇಬ್ಬರು ಈ ಹೊಳೆಯಲ್ಲಿ ಇದ್ದೇ ಇರಲಿಲ್ಲ ಎಂದಾಗುತ್ತದೆ. ಹರಿದ ಕಿವಿಯವಳು ಹುಟ್ಟಲೇ ಇಲ್ಲ ಎಂದಾಗುತ್ತದೆ. ಬಲೆಗೆ ಸಿಕ್ಕಿ ಸತ್ತವಳನ್ನು ಪುಸ್ತಕದಲ್ಲೂ ಸಾಯಿಸಿದ ಹಾಗೆ.

"ಮಾರ್ಚ್ ಹನ್ನೊಂದು," ಎಂದ. "ಹೋದ ವರ್ಷ. ಸೋಮವಾರ."

ಇಷ್ಟು ಕರಾರುವಾಕ್ಕಾದ ತಾರೀಕನ್ನು ಸಜಿನ ನಿರೀಕ್ಷಿಸಿರಲಿಲ್ಲ. ಬರೆದುಕೊಂಡಳು. ಅದೇ ತಿಂಗಳು ಶಿವಮ್ಮ ತೀರಿಕೊಂಡದ್ದು ಅವಳಿಗೆ ನೆನಪಾಗಿರಬೇಕು, ಪೆನ್ನು ಕೆಳಗಿಟ್ಟಳು. ಅವಳ ಕಣ್ಣು ತುಂಬಿದ್ದು ನೋಡಿ ಮಾದಪ್ಪನಿಗೆ ನಾಚಿಕೆಯಾಯಿತು. ಇಷ್ಟು ಮರುಕ ಅವನಿಗೆ ಸಲ್ಲತಕ್ಕದ್ದಲ್ಲ.

"ಮತ್ತೆ ಆಮೇಲಿನ ನಲವತ್ನಾಲ್ಕು ವಾರ?" ಎಂದು ಅವಳು ಮೆಲ್ಲಗೆ ಕೇಳಿದಳು. "ಬೈಯೋದಿಲ್ಲ, ಹೇಳಿ. ಯಾಕೆ ವಾರಾ ವಾರಾ ಎರಡು ಅಂತ ಬರೆದ್ರಿ?"

ಮಾದಪ್ಪ ಆರಿದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ, ಗ್ಲಾಸನ್ನು ಬೆಂಚಿನ ಮೇಲೆ ಬೋರಲು ಹಾಕಿದ.

"ನಿಮ್ ಚೀಟೀಲಿ 'ಏನೂ ಕಾಣ್ಲಿಲ್ಲ' ಅಂತ ಬರಿಯಾಕೆ ಜಾಗವೇ ಇಲ್ವಲ್ಲ, ಟೀಚರೇ."