ಪ್ರಶ್ನೆ ಅಕ್ಕ ಕೇಳಿಸಿಕೊಂಡದ್ದು

ಕಾಯಿಲೆ ಕಸಾಲೆಯ ಬಗ್ಗೆ ಜನ ಏನನ್ನುತ್ತಾರೆಂದು ಹನ್ನೆರಡು ವರ್ಷ ಮನೆಮನೆ ಹತ್ತಿಳಿದು ವಿಶ್ವವಿದ್ಯಾಲಯದ ಅಧ್ಯಯನದವರಿಗೆ ಬರೆದುಕೊಟ್ಟವಳು ಅವಳು. ಬೀದಿಯವರು ಇಟ್ಟ ಹೆಸರು ಪ್ರಶ್ನೆ ಅಕ್ಕ. ಆ ಹೆಸರನ್ನು ಪದಕದಂತೆ ತೊಟ್ಟು ಮೆರೆದಿದ್ದಳು.

ಸಾಂಕ್ರಾಮಿಕ ಬಂತು, ಯಾರ ಹೊಸ್ತಿಲನ್ನೂ ದಾಟುವಂತಿಲ್ಲ. ಅಧ್ಯಯನದ ಮೇಡಂ ದಾರಿ ಬದಲಿಸಿದರು. ಬೀದಿಯವರಲ್ಲೇ ಒಬ್ಬರು ಎಲ್ಲರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುವುದು, ಪ್ರಶ್ನೆ ಅಕ್ಕ ಮನೆಯಲ್ಲೇ ಕೂತು ಕೇಳಿ ಬರೆಯುವುದು. ರೆಕಾರ್ಡ್ ಮಾಡಲು ಮೇಡಂ ಆರಿಸಿದ್ದು ಯಾರನ್ನು? ಗೋಡೆಯಾಚೆ ಬಟ್ಟೆ ಹೊಲಿಯುವ, ಒಂದು ಫಾರಂ ನೆಟ್ಟಗೆ ತುಂಬಲು ಬಾರದ ಅವಳ ವಾರಗಿತ್ತಿಯನ್ನು!

ವಾರಗಿತ್ತಿ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಮಾಸ್ಕ್ ಹೊಲಿಸಿಕೊಳ್ಳಲು ಕಿಟಕಿಯಾಚೆ ದೂರದೂರ ನಿಂತವರಿಗೆ, "ಫೋನು ಆನ್ ಇದೆ ಕಣ್ರೀ, ಬೇಡದೋರು ಬಾಯಿ ಮುಚ್ಕೊಳ್ಳಿ," ಎಂದು ನಗಿಸಿ ಮೆಷಿನ್ ತುಳಿಯುತ್ತಿದ್ದಳು. ಮುಚ್ಚಿಕೊಳ್ಳುವುದಿರಲಿ, ಬಾಯಿ ಬಿಚ್ಚಿದವರು ನಿಲ್ಲಿಸುತ್ತಲೇ ಇರಲಿಲ್ಲ.

"ನಿಮ್ಮ ತಂಗಿ ಚಿನ್ನ ಕಣಮ್ಮ," ಅಂದರು ಮೇಡಂ ಫೋನಿನಲ್ಲಿ.

"ತಂಗಿಯಲ್ಲ ಮೇಡಂ, ವಾರಗಿತ್ತಿ."

ಫೋನಿಟ್ಟು ಗೋಡೆಯತ್ತ ನೋಡಿದಳು. ಚಪ್ಪಲಿ ಸವೆಸಿದವಳು ನಾನು, ಕೂತಲ್ಲೇ ಹೆಸರು ಗಳಿಸಿದವಳು ಅವಳು!

ಒಂದು ಬೆಳಿಗ್ಗೆ ಇಯರ್‌ಫೋನಿನಲ್ಲಿ ಕೊನೆಮನೆಯ ಸೊಸೆಯ ದನಿ ಬಂತು: "ಮಗೂಗೆ ಜ್ವರ ಬಂದಿದೆ. ಯಾರಿಗೂ ಹೇಳಿಲ್ಲ. ಪ್ರಶ್ನೆ ಅಕ್ಕಂಗಂತೂ ಹೇಳೋದೇ ಇಲ್ಲ. ಅವ್ರು ಬರ್ಕೊಂಡ್ ಹೋದ್ರೆ ನಾಳೆ ಆಸ್ಪತ್ರೆಯೋರು ನಮ್ ಬಾಗಿಲಿಗೆ ಚೀಟಿ ಅಂಟಿಸ್ತಾರೆ."

"ಅಯ್ಯೋ, ನಮ್ಮಕ್ಕ ಅಂಥೋರಲ್ಲ ಕಣೆ. ಅದು ಓದೋರ ಪುಸ್ತಕ, ಆಸ್ಪತ್ರೇದಲ್ಲ." ಇದು ವಾರಗಿತ್ತಿಯ ದನಿ.

"ನಂಗೇನ್ ಗೊತ್ತು? ಪೆನ್ನು ಅಂದ್ರೆ ಪೆನ್ನೇ."

'ಮೆಷಿನ್ ಸದ್ದು, ಕೇಳಿಸುತ್ತಿಲ್ಲ' ಎಂದು ಬರೆದಳು ಪ್ರಶ್ನೆ ಅಕ್ಕ. ಮೇಡಂ ಇದನ್ನು ಓದಿದರೆ ಹನ್ನೆರಡು ವರ್ಷದ ಮಾನ ಏನಾಗಬೇಕು? ಅದೂ ವಾರಗಿತ್ತಿಯ ಫೋನಿನಿಂದ!

ಆದರೂ ಕೈ ಮುಂದಕ್ಕೆ ಹೋಗಲಿಲ್ಲ. ಬಾಗಿಲು ಬಾಗಿಲಲ್ಲೂ ಕೇಳಿದ್ದ 'ಚೆನ್ನಾಗಿದೀವಿ ಅಕ್ಕ' ಸಾಲುಸಾಲಾಗಿ ನೆನಪಾದವು. ಅವುಗಳ ಹಿಂದೆ ಎಷ್ಟು ಜ್ವರ ಮಲಗಿತ್ತೋ! ಇದನ್ನೂ ಮುಚ್ಚಿದರೆ ನಾಳೆ ಇನ್ನೊಂದು ಮಗು ಒಳಗೇ ಸುಡುತ್ತಿರುತ್ತದೆ. ಬರೆದದ್ದನ್ನು ಹೊಡೆದುಹಾಕಿ ಒಂದಕ್ಷರ ಬಿಡದೆ ಬರೆದಳು. 'ಮಾಹಿತಿ ತಂದವರು' ಎಂಬಲ್ಲಿ ವಾರಗಿತ್ತಿಯ ಹೆಸರನ್ನು ಹಾಳೆ ತೂತಾಗುವಂತೆ ಒತ್ತಿ ಬರೆದಳು.

ಗೋಡೆ ಬಡಿದು ಕೂಗಿದಳು. "ಏಯ್, ಕೊನೆಮನೆಯವಳಿಗೆ ಹೇಳು. ಮಗೂನ ಡಾಕ್ಟರಿಗೆ ತೋರಿಸ್ಲಿ, ಅವಳ ಹೆಸರು ಎಲ್ಲೂ ಬರೆಯಲ್ಲ."

"ನೀವೇ ಫೋನ್ ಮಾಡಿ ಹೇಳಿ ಅಕ್ಕ, ದೊಡ್ಡೋರು."

ಪ್ರಶ್ನೆ ಅಕ್ಕ ಗೋಡೆಗೆ ಇನ್ನಷ್ಟು ಹತ್ತಿರ ಸರಿದಳು.

"ನಾನು ಹೇಳಿದ್ರೆ ನಂಬಲ್ಲ ಕಣೆ. ನೀನೇ ಹೇಳು."